ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಅಮ್ಮನ ಮೇಲೇ ಕಾಮಿಡಿ ಮಾಡಬಹುದಾ? ಜೋ ಕೋಯ್ ನೋಡಿದ ಮೇಲೆ ಬಂದ ಪ್ರಶ್ನೆ

ಪ್ರಶ್ನೆ
ಬೆಣ್ಣೆನಗರಿ ಹುಡುಗ, ದಾವಣಗೆರೆ

ನಮ್ಮ ಬಡಾವಣೆಯ ಗಣೇಶನ ಪೆಂಡಾಲಿನಲ್ಲಿ ಈ ಸಲ ಆರ್ಕೆಸ್ಟ್ರಾ ಶುರುವಾಗುವ ಮುಂಚೆ ನನಗೆ ಹತ್ತು ನಿಮಿಷ ಮೈಕ್ ಕೊಡುತ್ತೇವೆ ಅಂದಿದ್ದಾರೆ. ಸ್ಟ್ಯಾಂಡ್ ಅಪ್, ಅಂದರೆ ಒಬ್ಬನೇ ನಿಂತು ಮಾತಾಡಿ ನಗಿಸುವುದು, ಮಾಡೋಣ ಅಂತಿದ್ದೇನೆ. ಮಿಮಿಕ್ರಿ ಚೆನ್ನಾಗಿ ಬರುತ್ತದೆ, ಆದರೆ ಸಿನಿಮಾ ನಟರ ದನಿ ತೆಗೆಯುವುದನ್ನು ಜನ ಬೇಕಾದಷ್ಟು ನೋಡಿದ್ದಾರೆ. ನನಗೆ ನಮ್ಮ ಮನೆಯ ಮಾತು ಹೇಳಬೇಕು ಅನ್ನಿಸಿದೆ. ಅದರಲ್ಲೂ ಅಮ್ಮನದು.

ಈ ಹುಚ್ಚು ಹತ್ತಿಸಿದವನು ಜೋ ಕೋಯ್. ನೋಡಿಲ್ಲದವರಿಗೆ ಹೇಳುತ್ತೇನೆ. ಅಮೆರಿಕದ ಕಾಮಿಡಿಯನ್. 1971ರಲ್ಲಿ ಟಕೋಮಾ ಅನ್ನುವ ಊರಲ್ಲಿ ಹುಟ್ಟಿದವನು. ಅಪ್ಪ ಅಮೆರಿಕದವರು, ವಾಯುಪಡೆಯಲ್ಲಿದ್ದರು. ಅಮ್ಮ ಜೋಸಿ ಫಿಲಿಪೀನ್ಸಿನವರು. ಅಪ್ಪ ಅಮ್ಮ ಬೇರೆಯಾದ ಮೇಲೆ ಮಕ್ಕಳನ್ನು ಸಾಕಿದ್ದು ಆ ತಾಯಿ. ಈತನ ಕಾರ್ಯಕ್ರಮದ ತುಂಬಾ ಅವರೇ. ಮಗನಿಗೆ ಏನೇ ಕಾಯಿಲೆ ಬರಲಿ ವಿಕ್ಸ್ ಡಬ್ಬಿ ಹಿಡಿದುಕೊಂಡು ಬರುವ ಅಮ್ಮ, ಕಾಮಿಡಿ ಯಾಕೆ ಬೇಕು ಸುಮ್ನೆ ನರ್ಸ್ ಆಗು ಅನ್ನುವ ಅಮ್ಮ, ಫಿಲಿಪಿನೋ ಧಾಟಿಯ ಇಂಗ್ಲಿಷಿನಲ್ಲಿ ಬೈಯುವ ಅಮ್ಮ. ನಮ್ಮಮ್ಮನಿಗೆ ಇಂಗ್ಲಿಷ್ ಬರಲ್ಲ. ಆದರೂ ನನ್ನ ಮೊಬೈಲಿನಲ್ಲಿ ಆತ ತನ್ನ ಅಮ್ಮನ ಹಾಗೆ ಕತ್ತು ಹಿಂದಕ್ಕೆ ಎಳೆದು ಕಣ್ಣು ಸಣ್ಣ ಮಾಡಿದ್ದನ್ನು ನೋಡಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕರು. ಅಮ್ಮಂದಿರು ಎಲ್ಲಾ ಕಡೆ ಒಂದೇ ಅಲ್ವಾ ಅನ್ನಿಸಿತು.

ನನ್ನ ಹತ್ತಿರ ಇರುವ ಸರಕು ಇದು. ನಮ್ಮಮ್ಮನ ಮುಯ್ಯಿ ಪುಸ್ತಕ. ನನ್ನ ಅಕ್ಕನ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದಿಟ್ಟ ಹಳೇ ನೋಟ್‌ಬುಕ್. ಮೇಲೆ ಅಕ್ಕನ ಶಾಲೆಯ ಲೇಬಲ್ ಇನ್ನೂ ಇದೆ. ಯಾರದ್ದೇ ಮನೆಯ ಮದುವೆ ಕಾರ್ಡ್ ಬರಲಿ, ಮೊದಲು ದಿನಾಂಕ ನೋಡುವುದಿಲ್ಲ, ಈ ಪುಸ್ತಕ ತೆಗೆಯುತ್ತಾರೆ. ಅವರು 101 ಹಾಕಿದ್ದರೆ ನಾವು 151. ಇನ್ನೊಂದು ಬ್ಲೌಸ್ ಪೀಸಿನದು. ಉಡಿ ತುಂಬುವಾಗ ಕೊಡುವ ಬ್ಲೌಸ್ ಪೀಸ್ ಒಂದು ಮನೆಯಿಂದ ಇನ್ನೊಂದು ಮನೆಗೆ ತಿರುಗುತ್ತಾ ಹೋಗುತ್ತದಲ್ಲ, ಯಾರೂ ಹೊಲಿಸಲ್ಲ. ನಮ್ಮಮ್ಮ ತಾವು ಕೊಡುವ ಪೀಸಿನ ಮೂಲೆಯಲ್ಲಿ ಯಾರಿಗೂ ಕಾಣದ ಹಾಗೆ ಒಂದು ನೀಲಿ ದಾರದ ಹೊಲಿಗೆ ಹಾಕಿಡುತ್ತಾರೆ. ಹೋದ ವರ್ಷ ವರಮಹಾಲಕ್ಷ್ಮಿಗೆ ಒಂದು ಪೀಸ್ ವಾಪಸ್ ಬಂತು. ಮೂಲೆ ಮಡಚಿ ನೋಡಿದರು. ನೀಲಿ ದಾರ. ಒಂದು ಮಾತೂ ಆಡಲಿಲ್ಲ, ಕೊಟ್ಟವರ ಮುಖ ನೋಡಿ "ಕಾಫಿ ಕುಡಿತೀರಾ" ಅಂದರು.

ಇದನ್ನು ಸ್ಟೇಜ್ ಮೇಲೆ ಹೇಳಿದರೆ ನಮ್ಮ ಬೀದಿ ಪೂರ್ತಿ ನಗುತ್ತದೆ ಅಂತ ಗೊತ್ತು. ಆದರೆ ಮುಂದಿನ ಸಾಲಿನಲ್ಲಿ ಅಮ್ಮ ಕೂತಿರುತ್ತಾರೆ. ಪಕ್ಕದ ಕುರ್ಚಿಯಲ್ಲೇ ಆ ಬ್ಲೌಸ್ ಪೀಸ್ ಕೊಟ್ಟವರೂ ಕೂತಿರುತ್ತಾರೆ. ಮನೆಯ ಮಾತನ್ನು ಹೀಗೆ ಬೀದಿಗೆ ತರಬಹುದಾ? ಜೋ ಕೋಯ್ ಇದನ್ನು ಹೇಗೆ ನಿಭಾಯಿಸುತ್ತಾನೆ? ನೋಡಿದವರು, ಸ್ಟೇಜ್ ಹತ್ತಿದವರು ದಯವಿಟ್ಟು ಹೇಳಿ.

ಉತ್ತರ
ದವಾವೊ ಡಾಕ್ಟರ್, ಚಿತ್ರದುರ್ಗ

ತಮ್ಮಾ, ನಾನು ಮೆಡಿಕಲ್ ಓದಿದ್ದು ಫಿಲಿಪೀನ್ಸಿನ ದವಾವೊದಲ್ಲಿ. ಇಲ್ಲಿ ಸೀಟು ಸಿಗದ ನಮ್ಮ ಕಡೆಯ ಬಹಳ ಹುಡುಗರು ಅಲ್ಲಿಗೆ ಹೋಗಿ ಓದಿದ್ದಾರೆ. ಜೋ ಕೋಯ್ ವಿಡಿಯೋ ಮೊದಲು ನೋಡಿದ್ದೂ ಅಲ್ಲೇ, ನಾವು ಬಾಡಿಗೆಗಿದ್ದ ಮನೆಯ ಯಜಮಾನಿಯ ಹಾಲಿನಲ್ಲಿ. ಅವರನ್ನು ಎಲ್ಲರೂ ತೀತಾ ಅಂತಿದ್ದೆವು, ನಾವು ಅತ್ತೆ, ಚಿಕ್ಕಮ್ಮ ಅಂತೀವಲ್ಲ ಹಾಗೆ.

ನೀವು ಹೇಳಿದ ಒಂದು ಮಾತು ನಾನು ಒಪ್ಪುವುದಿಲ್ಲ. ಅಮ್ಮಂದಿರು ಎಲ್ಲಾ ಕಡೆ ಒಂದೇ ಅಂತ ಹೊರಟರೆ ನಿಮ್ಮ ಹತ್ತು ನಿಮಿಷ ಹಾಳಾಗುತ್ತದೆ. ಆತ ನಗಿಸುವುದು ಎಲ್ಲರ ಅಮ್ಮನನ್ನು ತೋರಿಸಿ ಅಲ್ಲ. ಒಬ್ಬ ಫಿಲಿಪಿನೋ ಅಮ್ಮನನ್ನು ಕೂದಲೆಳೆಯಷ್ಟೂ ತಪ್ಪದ ಹಾಗೆ ತೋರಿಸಿ. ಅಲ್ಲಿ ಇದ್ದು ಬಂದವನಿಗೆ ಅದು ಗೊತ್ತಾಗುತ್ತದೆ.

ಒಂದು ಉದಾಹರಣೆ. ಅಲ್ಲಿನವರು ದಾರಿ ತೋರಿಸಲು ಬೆರಳು ಎತ್ತುವುದು ಕಡಿಮೆ. ತುಟಿ ಮುಂದೆ ಮಾಡಿ ತೋರಿಸುತ್ತಾರೆ. ಜೀಪ್ನಿ (ಅಲ್ಲಿನ ಸಣ್ಣ ಬಸ್ಸು) ಎಲ್ಲಿ ನಿಲ್ಲುತ್ತದೆ ಅಂತ ಕೇಳಿದರೆ ನಮ್ಮ ತೀತಾ ಎರಡೂ ಕೈಯಲ್ಲಿ ಮೀನು ತೊಳೆಯುತ್ತಾ ತುಟಿಯನ್ನು ಎಡಕ್ಕೆ ಚಾಚುತ್ತಿದ್ದರು. ದೂರ ಇದ್ದರೆ ತುಟಿಯ ಜೊತೆ ಗದ್ದವೂ ಮೇಲೆ ಏಳುತ್ತಿತ್ತು. ಹೌದು ಅನ್ನಲು ಬಾಯಿ ಬಿಡುವುದೇ ಇಲ್ಲ, ಹುಬ್ಬು ಒಂದು ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ ಅಷ್ಟೇ. ಶುರುವಿನಲ್ಲಿ ಬಾಡಿಗೆ ನಾಳೆ ಕೊಡಲಾ ಅಂತ ಕೇಳಿದವನು ಉತ್ತರಕ್ಕೆ ಕಾಯುತ್ತಾ ನಿಂತೇ ಇದ್ದೆ. ಅವರು ಆಗಲೇ ಆಗಲಿ ಅಂದುಬಿಟ್ಟಿದ್ದರು!

ನಮ್ಮದರ ಹಾಗೆ ಕಾಣುವುದೂ ಇದೆ. ಬಚ್ಚಲಲ್ಲಿ ತಾಬೊ ಅಂತ ಒಂದು ಮಗ್ ಇಟ್ಟಿರುತ್ತಾರೆ, ಅಮೆರಿಕಕ್ಕೆ ಹೋದ ಫಿಲಿಪಿನೋಗಳೂ ಅದನ್ನು ಬಿಡುವುದಿಲ್ಲ. ದೊಡ್ಡವರ ಕೈ ಹಿಡಿದು ತಮ್ಮ ಹಣೆಗೆ ಒತ್ತಿಕೊಂಡು ಆಶೀರ್ವಾದ ತಗೊಳ್ಳುತ್ತಾರೆ. ಊರಿಗೆ ಹೋಗಿ ಬಂದವರು ಕೈ ಬೀಸಿಕೊಂಡು ಬರುವ ಹಾಗಿಲ್ಲ. ಬೇರೆ ಆಗಿರುವುದೂ ಬೇಕಾದಷ್ಟಿದೆ. ಹುಟ್ಟುಹಬ್ಬಕ್ಕೆ ಮನೆಯಲ್ಲಿ ಕ್ಯಾರಿಯೋಕೆ ಹಾಕಿ ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲರೂ ಮೈಕ್ ಹಿಡಿಯುತ್ತಾರೆ. ನಮ್ಮ ಮನೆಗಳಲ್ಲಿ ಅಮ್ಮಂದಿರು ಹಾಗೆ ಬಾಯಿ ಬಿಟ್ಟು ಹಾಡುವುದನ್ನು ನಾನಂತೂ ನೋಡಿಲ್ಲ.

ಇನ್ನೊಂದು, ಬಾಲಿಕ್‌ಬಾಯನ್ ಪೆಟ್ಟಿಗೆ. ಹೊರದೇಶದಲ್ಲಿ ದುಡಿಯುವವರು ಮನೆಗೆ ಹಡಗಿನಲ್ಲಿ ಕಳಿಸುವ ದೊಡ್ಡ ರಟ್ಟಿನ ಡಬ್ಬ. ಸೋಪು, ಟವೆಲ್, ಚಾಕೊಲೇಟು, ಡಬ್ಬಿಯಲ್ಲಿ ಬರುವ ಮಾಂಸ, ಮಕ್ಕಳ ಶೂ. ತಿಂಗಳುಗಟ್ಟಲೆ ಒಂದೊಂದೇ ಕೊಂಡು ತುಂಬಿಸುತ್ತಾರೆ. ಒಂದು ಬೆರಳು ತೂರುವ ಜಾಗ ಬಿಡುವುದಿಲ್ಲ, ಶೂ ಒಳಗೂ ಸೋಪು ತುರುಕಿರುತ್ತಾರೆ. ನಮ್ಮ ತೀತಾಗೆ ಅವರ ಮಗಳು ಕಳಿಸಿದ ಪೆಟ್ಟಿಗೆ ಬಂದ ದಿನ ಇಡೀ ಓಣಿಯೇ ಅವರ ಹಾಲಿನಲ್ಲಿತ್ತು. ಮಗಳು ಮಾತ್ರ ಇರಲಿಲ್ಲ.

ಇಂಥದ್ದನ್ನು ನೋಡಿದವನು ಹೇಳಿದರೆ ಜನ ನಗುತ್ತಾರೆ, ನಗುವಿನ ಕೆಳಗೆ ಬೇರೆ ಏನೋ ಇರುವುದೂ ಗೊತ್ತಾಗುತ್ತದೆ. ನಿಮ್ಮ ನೀಲಿ ದಾರ ಅಂಥದ್ದೇ ಸರಕು. ಅದನ್ನು "ಎಲ್ಲಾ ಅಮ್ಮಂದಿರೂ ಹೀಗೇ" ಅಂತ ಹೇಳಿ ಕೆಡಿಸಬೇಡಿ. ನಿಮ್ಮ ಅಮ್ಮ ಒಬ್ಬರೇ ಹಾಗೆ ಮಾಡುವುದು ಅಂತಲೇ ಹೇಳಿ.

ಉತ್ತರ
ನಿವೃತ್ತ ಮೇಷ್ಟ್ರು, ಹರಿಹರ

ಮಗೂ, ನಿನ್ನ ಪ್ರಶ್ನೆ ಓದಿ ಸಂತೋಷ ಆಯಿತು. ಕೇಳಬೇಕು ಅನ್ನಿಸಿದ್ದೇ ದೊಡ್ಡದು. ಆದರೆ ನನ್ನದು ಸ್ವಲ್ಪ ಬೇರೆ ಮಾತು.

ನಾನು ಕಂಪನಿ ನಾಟಕ ನೋಡುತ್ತಾ ಬೆಳೆದವನು. ದಾವಣಗೆರೆಯಲ್ಲಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿ ಹೆಸರು ಮಾಡಿದ್ದ ಕಾಲ ಅದು. ಜಾತ್ರೆಗಳಿಗೆ ಬೇರೆ ಬೇರೆ ಕಂಪನಿಗಳೂ ಬರುತ್ತಿದ್ದವು. ಕೆಲವು ಕಂಪನಿಗಳ ಹಾಸ್ಯದವರು ಊರಿಗೆ ಬಂದ ಕೂಡಲೇ ಟೀ ಅಂಗಡಿಯಲ್ಲಿ ಕೂತು ಊರಿನ ಸುದ್ದಿ ಕೇಳಿಕೊಳ್ಳುತ್ತಿದ್ದರು. ರಾತ್ರಿ ನಾಟಕದಲ್ಲಿ ಊರಿನ ಒಬ್ಬರ ಹೆಸರು ತೂರಿಸಿಬಿಡುತ್ತಿದ್ದರು. ಜನ ಬಿದ್ದು ಬಿದ್ದು ನಗುತ್ತಿದ್ದರು. ಹೆಸರು ಬಂದವನೂ ನಗಬೇಕು, ಬೇರೆ ದಾರಿ ಇಲ್ಲ. ಕಂಪನಿ ಟೆಂಟ್ ಕಿತ್ತುಕೊಂಡು ಮುಂದಿನ ಊರಿಗೆ ಹೋಗುತ್ತಿತ್ತು. ಆ ಮನುಷ್ಯ ಮಾತ್ರ ಅದೇ ಹೆಸರು ಹೊತ್ತುಕೊಂಡು ಊರಲ್ಲಿ ತಿರುಗಬೇಕಿತ್ತು. ನೀನು ಮುಂದಿನ ಊರಿಗೆ ಹೋಗುವವನಲ್ಲ. ನಾಳೆ ಬೆಳಿಗ್ಗೆ ಅದೇ ಅಂಗಡಿಗೆ ಹಾಲು ತರಲು ಹೋಗುವವನು.

ಹಾಸ್ಯ ಸಂಜೆಗಳಲ್ಲಿ ಹೆಂಡತಿ ಜೋಕು ಹೇಳುವವರನ್ನು ನೋಡಿದ್ದೇನೆ. ಹೆಂಡತಿ ಅಲ್ಲೇ ಕೂತಿರುತ್ತಾಳೆ, ಬಾಯಿ ನಗುತ್ತಿರುತ್ತದೆ, ಕೈ ಸೆರಗಿನ ಅಂಚು ತಿರುಚುತ್ತಿರುತ್ತದೆ. ಅದನ್ನು ನೋಡಿದ ಮೇಲೆ ನನಗೆ ಆ ಜೋಕು ರುಚಿಸುವುದಿಲ್ಲ.

ಬೀಚಿಯವರು ಹುಟ್ಟಿದ್ದು ಹರಪನಹಳ್ಳಿಯಲ್ಲಿ, 1913ರಲ್ಲಿ. ಆ ತಾಲ್ಲೂಕು ಕೆಲವು ವರ್ಷ ನಮ್ಮ ದಾವಣಗೆರೆ ಜಿಲ್ಲೆಯಲ್ಲೇ ಇತ್ತು. ಅವರು ತಮಗೆ ಹೇಳಬೇಕಾದದ್ದನ್ನೆಲ್ಲ ತಿಮ್ಮ ಅನ್ನುವ ಪಾತ್ರದ ಬಾಯಲ್ಲಿ ಹೇಳಿಸಿದರು. ಎಷ್ಟು ಚುಚ್ಚಿದರೂ ನಿಜವಾದ ಒಬ್ಬ ತಿಮ್ಮ ಮನೆಗೆ ಹೋಗಿ ಅಳಬೇಕಾಗಿರಲಿಲ್ಲ. ನೀನೂ ಅಮ್ಮ ಅನ್ನುವ ಬದಲು ಒಂದು ಅಜ್ಜಿಯನ್ನೋ ಅತ್ತೆಯನ್ನೋ ಹುಟ್ಟುಹಾಕು. ನೀಲಿ ದಾರ ಅವಳ ಕೈಗೆ ಕೊಡು. ಮುಯ್ಯಿ ಲೆಕ್ಕ ಬೇಡವೇ ಬೇಡ. ಕಷ್ಟದಲ್ಲಿ 51 ರೂಪಾಯಿ ಹಾಕಿದವರು ಆ ಪೆಂಡಾಲಿನಲ್ಲಿ ಇದ್ದೇ ಇರುತ್ತಾರೆ.

ಬೆಣ್ಣೆನಗರಿ ಹುಡುಗ

ಮೇಷ್ಟ್ರೇ, ಮುಯ್ಯಿ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅದನ್ನು ತೆಗೆದುಹಾಕುತ್ತೇನೆ. ಆದರೆ ಅತ್ತೆಯನ್ನು ಹುಟ್ಟುಹಾಕುವುದು ನನ್ನಿಂದ ಆಗಲ್ಲ. ನಮ್ಮ ಬೀದಿಯಲ್ಲಿ ನಾನು ಯಾವ ಹೆಸರಿಟ್ಟರೂ ನಮ್ಮಮ್ಮನ ನಡಿಗೆ, ಅವರು "ಆತು ಬಿಡು" ಅನ್ನುವ ರೀತಿ ಎಲ್ಲರಿಗೂ ಗೊತ್ತು. ಮುಚ್ಚಿಟ್ಟ ಹಾಗೆ ಮಾಡುವುದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ಅಮ್ಮನನ್ನೇ ಕೇಳೋಣ ಅಂದರೆ, ಕೇಳಿದ ಕೂಡಲೇ ಬೇಡ ಅಂದರೆ ಏನು ಮಾಡಲಿ? ಇನ್ನೊಂದು ಭಯ. ಅವರ ಮಾತಿನ ಧಾಟಿಯಲ್ಲೇ ಮಾಡಬೇಕು ಅಂತಿದ್ದೇನೆ, ಅದು ಅಣಕಿಸಿದ ಹಾಗೆ ಆಗುತ್ತಾ?

ಉತ್ತರ
ನೈಟ್ ಡ್ಯೂಟಿ ಅಕ್ಕ, ಚಳ್ಳಕೆರೆ

ತಮ್ಮಾ, ಧಾಟಿಯ ಬಗ್ಗೆ ನಾನು ಹೇಳುತ್ತೇನೆ. ಕುವೈತಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ, ನನ್ನ ಜೊತೆಯವರಲ್ಲಿ ಅರ್ಧಕ್ಕರ್ಧ ಫಿಲಿಪೀನ್ಸಿನವರು. ರಾತ್ರಿ ಪಾಳಿಯಲ್ಲಿ ಟೀ ಹೊತ್ತಿಗೆ ಯಾರಾದರೂ ಜೋ ಕೋಯ್ ಹಾಕುತ್ತಿದ್ದರು.

ಅವರೆಲ್ಲ ಒಂದೇ ಥರ ನಗುತ್ತಿರಲಿಲ್ಲ. ಒಬ್ಬಳು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು, ಇದು ನಮ್ಮಮ್ಮನೇ ಅಂತ. ಇನ್ನೊಬ್ಬಳಿಗೆ ಆಗುತ್ತಲೇ ಇರಲಿಲ್ಲ. ಅವಳು ಹೇಳಿದ್ದು ನನಗೆ ಈಗಲೂ ಸರಿ ಅನ್ನಿಸುತ್ತದೆ. ಮನೆಯವರ ಎದುರು ಅಮ್ಮನ ಹಾಗೆ ಮಾತಾಡಿ ತೋರಿಸಿದರೆ ಅದು ಪ್ರೀತಿ. ಹೊರಗಿನವರ ಎದುರು ತೋರಿಸಿದರೆ ನಾಳೆ ಅವರು ಆ ಧಾಟಿಯನ್ನು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ವಾರ್ಡಿನಲ್ಲಿ ರೋಗಿಯ ಕಡೆಯವರು ಅವಳ ಇಂಗ್ಲಿಷನ್ನು ಹಾಗೇ ಅಣಕಿಸಿದ್ದನ್ನು ನಾನೇ ಕಂಡಿದ್ದೇನೆ. ಅವಳು ಪಾಪ ಇಂಜೆಕ್ಷನ್ ಹಾಕಿ ಸುಮ್ಮನೆ ಬಂದಳು.

ಆ ನರ್ಸ್ ಜೋಕಿನ ಹಿಂದೆ ಏನಿದೆ ಅಂತಲೂ ತಿಳಿದುಕೋ. 1898ರಿಂದ 1946ರವರೆಗೆ ಫಿಲಿಪೀನ್ಸ್ ಅಮೆರಿಕದ ಕೈಯಲ್ಲಿತ್ತು, ನಡುವೆ ಯುದ್ಧದ ಕಾಲದಲ್ಲಿ ಜಪಾನಿನವರು ಹಿಡಿದುಕೊಂಡ ಕೆಲವು ವರ್ಷ ಬಿಟ್ಟರೆ. ಅಮೆರಿಕದವರು ಅಲ್ಲಿ ತಮ್ಮ ಪದ್ಧತಿಯ ನರ್ಸಿಂಗ್ ಶಾಲೆ ತೆರೆದರು, ಇಂಗ್ಲಿಷಿನಲ್ಲೇ ಕಲಿಸಿದರು. 1965ರಲ್ಲಿ ಅಮೆರಿಕ ವಲಸೆ ಕಾನೂನು ಸಡಿಲ ಮಾಡಿದ ಮೇಲೆ ಆ ನರ್ಸುಗಳು ಗುಂಪು ಗುಂಪಾಗಿ ಹೋದರು. ಒಬ್ಬಳು ಹೋದರೆ ಹಿಂದೆ ಇಡೀ ಮನೆ ನಿಲ್ಲುತ್ತದೆ. ಹಾಗಾಗಿ ನರ್ಸ್ ಆಗು ಅನ್ನುವ ಅಮ್ಮ ದಡ್ಡಿ ಅಲ್ಲ. ಅವಳಿಗೆ ಗೊತ್ತಿರುವ ಗಟ್ಟಿ ದಾರಿ ಅದೊಂದೇ. ನನಗೂ ಮನೆಯಲ್ಲಿ ಹೇಳಿದ್ದು ಅದೇ. ಮಳೆ ನಂಬಿ ಶೇಂಗಾ ಬಿತ್ತುವ ನಮ್ಮ ಕಡೆ ತಿಂಗಳ ಸಂಬಳ ಬರುವ ಕೆಲಸ ಅಂದರೆ ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಇದೆಲ್ಲ ಗೊತ್ತಿದ್ದು ಹೇಳುವವನ ಜೋಕು ಬೇರೆ, ಗೊತ್ತಿಲ್ಲದೆ ಧಾಟಿ ಮಾತ್ರ ಹಿಡಿದವನ ಜೋಕು ಬೇರೆ.

2020ರಲ್ಲಿ ಜೋ ಕೋಯ್ ಕ್ಯಾಮೆರಾ ತಗೊಂಡು ಫಿಲಿಪೀನ್ಸಿನ ರಾಜಧಾನಿ ಮನಿಲಾಕ್ಕೇ ಹೋದ. ನೆಟ್‌ಫ್ಲಿಕ್ಸಿಗೆ ಮಾಡಿದ ಕಾರ್ಯಕ್ರಮ. ತಾನೊಬ್ಬನೇ ನಿಲ್ಲಲಿಲ್ಲ, ಫಿಲಿಪಿನೋ ಮೂಲದ ಬೇರೆ ಕಾಮಿಡಿಯನ್ನರನ್ನು, ಡ್ಯಾನ್ಸಿನವರನ್ನು, ಸಂಗೀತದವರನ್ನು ಜೊತೆಗೆ ಸ್ಟೇಜಿಗೆ ಕರೆದ. ಆಗದು ಅನ್ನುತ್ತಿದ್ದ ನನ್ನ ಗೆಳತಿ ಅದನ್ನು ಮಾತ್ರ ಕೊನೆವರೆಗೂ ನೋಡಿದಳು. ಎದುರಿಗೆ ಕೂತವರು ತನ್ನವರು ಅನ್ನುವುದೇ ಅವಳಿಗೆ ಸಮಾಧಾನ.

ನಿನ್ನ ಪೆಂಡಾಲಿನಲ್ಲಿ ಎಲ್ಲರೂ ನಿನ್ನವರೇ. ಅಲ್ಲಿ ಅಮ್ಮನ ಧಾಟಿಯಲ್ಲಿ ಮಾತಾಡು, ಯಾರಿಗೂ ನೋವಾಗಲ್ಲ, ಅವರೆಲ್ಲರದ್ದೂ ಅದೇ ಧಾಟಿ. ನನಗೆ ಚಿಂತೆ ಇರುವುದು ಆಮೇಲಿನದು. ಯಾರೋ ಒಬ್ಬ ಮೊಬೈಲಿನಲ್ಲಿ ಹಿಡಿದು ರೀಲ್ಸ್ ಹಾಕುತ್ತಾನೆ. ಅದು ಎಲ್ಲಿಗೋ ಹೋಗುತ್ತದೆ. ದಾವಣಗೆರೆ ಕಡೆಯ ಮಾತು ಅಂದರೆ ನಗುವುದಕ್ಕೇ ಇರುವುದು ಅಂದುಕೊಂಡವರು ಕೆಳಗೆ ಬರೆಯುತ್ತಾರೆ. ಅಮ್ಮ ಆ ಕಾಮೆಂಟ್ ಓದುತ್ತಾರೆ, ಅಥವಾ ಯಾರಾದರೂ ಓದಿ ಹೇಳುತ್ತಾರೆ. ಹಾಗಾಗಿ ಪೆಂಡಾಲಿಗೆ ಒಂದು ಒಪ್ಪಿಗೆ, ಮೊಬೈಲಿಗೆ ಇನ್ನೊಂದು ಒಪ್ಪಿಗೆ. ಎರಡನ್ನೂ ಬೇರೆ ಬೇರೆ ಕೇಳು. ಬೇಡ ಅಂದರೆ ಬಿಟ್ಟುಬಿಡು ತಮ್ಮಾ. ಅವರ ಮುಖ ಅವರದ್ದು.

ಉತ್ತರ
ಮಂಡಕ್ಕಿ ಮಿರ್ಚಿ, ಬೆಂಗಳೂರು, ಊರು ದಾವಣಗೆರೆ

ನಾನು ಬೆಂಗಳೂರಿನಲ್ಲಿ ಕೆಲಸದ ಜೊತೆ ಓಪನ್ ಮೈಕ್‌ಗಳಲ್ಲಿ ಕನ್ನಡ ಸ್ಟ್ಯಾಂಡ್ ಅಪ್ ಮಾಡುತ್ತೇನೆ. ಮೇಲಿನವರೆಲ್ಲ ಮಾಡಬಹುದಾ ಬೇಡವಾ ಅನ್ನುವುದನ್ನು ಚೆನ್ನಾಗಿ ಹೇಳಿದ್ದಾರೆ. ಹೇಗೆ ಮಾಡುವುದು ಅಂತ ನಾನು ಹೇಳುತ್ತೇನೆ, ಯಾಕೆಂದರೆ ನೋವಾಗುತ್ತಾ ಇಲ್ಲವಾ ಅನ್ನುವುದು ಬಹಳ ಸಲ ಅಲ್ಲೇ ತೀರ್ಮಾನ ಆಗುತ್ತದೆ.

ಜೋ ಕೋಯ್ ಅಮ್ಮನ ಜೋಕುಗಳನ್ನು ಇನ್ನೊಂದು ಸಲ ನೋಡಿ. ಕೊನೆಯಲ್ಲಿ ಗೆಲ್ಲುವವರು ಯಾರು ಅಂತ ಗಮನಿಸಿ. ಹೆಚ್ಚುಕಡಿಮೆ ಯಾವಾಗಲೂ ಅಮ್ಮನೇ. ಮಗ ವಾದ ಮಾಡುತ್ತಾನೆ, ಬುದ್ಧಿ ಉಪಯೋಗಿಸುತ್ತಾನೆ, ಕೊನೆಗೆ ಅಮ್ಮನ ಒಂದು ನೋಟಕ್ಕೆ ಬಾಯಿ ಮುಚ್ಚುತ್ತಾನೆ. ಧಾಟಿ ಇದೆ, ಕೈ ಬಾಯಿ ತಿರುಗಿಸುವುದಿದೆ, ಆದರೆ ಮನೆಯಲ್ಲಿ ಅಧಿಕಾರ ಅವರದ್ದು. ಮೇಷ್ಟ್ರು ಹೇಳಿದ ಹೆಂಡತಿ ಜೋಕಿನಲ್ಲಿ ಗೆಲ್ಲುವವನು ಹೇಳುವ ಗಂಡ. ಅದಕ್ಕೇ ಆಕೆ ಸೆರಗು ತಿರುಚುತ್ತಾಳೆ. ಗೆದ್ದವರಿಗೆ ಎದುರು ಕೂತು ನಗಲು ಕಷ್ಟ ಆಗಲ್ಲ.

ನಿಮ್ಮ ನೀಲಿ ದಾರದಲ್ಲಿ ಅಮ್ಮ ಆಗಲೇ ಗೆದ್ದಿದ್ದಾರೆ. ಯಾರೂ ಹಿಡಿಯಲಾಗದ್ದನ್ನು ಹಿಡಿದರು, ಹಿಡಿದ ಮೇಲೂ ಮರ್ಯಾದೆ ಕಳೆಯದೆ ಕಾಫಿ ಕೊಟ್ಟರು. ಇದು ಪತ್ತೇದಾರಿ ಕೆಲಸ! ಹೇಳುವಾಗ ಎಲ್ಲಾ ಬೆಳಕು ಅವರ ಮೇಲೇ ಇರಲಿ. ಪೀಸ್ ವಾಪಸ್ ಕೊಟ್ಟವರು ಯಾರು, ಯಾವ ಬೀದಿ, ದಪ್ಪಗಿದ್ದರಾ ತೆಳ್ಳಗಿದ್ದರಾ, ಒಂದೂ ಬೇಡ. ಇಷ್ಟು ಮಾಡಿ ನೋಡಿ, ಪೀಸ್ ಎಲ್ಲೆಲ್ಲಿ ತಿರುಗಿ ಬಂತು ಅನ್ನುವುದನ್ನು ದೊಡ್ಡದು ಮಾಡಿ. ದಾವಣಗೆರೆಯಿಂದ ಹೊನ್ನಾಳಿಯ ಸೀಮಂತಕ್ಕೆ, ಅಲ್ಲಿಂದ ಚನ್ನಗಿರಿಯ ಗೃಹಪ್ರವೇಶಕ್ಕೆ, ಅಲ್ಲಿಂದ ಹೊಳಲ್ಕೆರೆಗೆ, ದುರ್ಗಕ್ಕೆ, ಮತ್ತೆ ವಾಪಸ್ ನಿಮ್ಮ ಮನೆ ಬಾಗಿಲಿಗೆ. ಹಾಗೆ ಹೇಳಿದರೆ ತಪ್ಪು ಒಬ್ಬರ ತಲೆ ಮೇಲೆ ಬೀಳಲ್ಲ. ಕುರ್ಚಿಯಲ್ಲಿ ಕೂತ ಪ್ರತಿಯೊಬ್ಬರೂ ಒಂದಲ್ಲ ಒಂದು ಸಲ ಬ್ಲೌಸ್ ಪೀಸ್ ದಾಟಿಸಿದವರೇ.

ಈಗ ಆ ಮೂಲೆ ಮಡಚುವ ಜಾಗ. ಅಲ್ಲಿ ಮಾತಾಡಬೇಡಿ. ಜೇಬಿನಲ್ಲಿ ಒಂದು ಕರ್ಚೀಫ್ ಇಟ್ಟುಕೊಂಡಿರಿ. ತೆಗೆಯಿರಿ, ಎರಡು ಬೆರಳಲ್ಲಿ ಮೂಲೆ ಮಡಚಿ, ನೋಡಿ, ನಿಧಾನಕ್ಕೆ ಕತ್ತು ಎತ್ತಿ. ಜನರನ್ನೇ ನೋಡಿ. ನಗು ಶುರುವಾಗುವವರೆಗೂ ಕಾಯಿರಿ. ಹೊಸಬರಿಗೆ ಈ ಕಾಯುವುದೇ ಭಾರೀ ಕಷ್ಟ, ಮೌನ ಬಂದರೆ ಸೋತೆವು ಅಂದುಕೊಂಡು ಗಡಿಬಿಡಿಯಲ್ಲಿ ಮುಂದಿನ ಸಾಲು ಹೇಳಿಬಿಡುತ್ತಾರೆ. ನಗು ಇಳಿಯುವ ಹೊತ್ತಿಗೆ "ಕಾಫಿ ಕುಡಿತೀರಾ". ಅದಾದ ಮೇಲೆ ವಿವರಣೆ ಕೊಡಬೇಡಿ, ಬೇರೆ ವಿಷಯಕ್ಕೆ ಹೋಗಿ.

ಜೋ ಕೋಯ್ ಬಗ್ಗೆ ಇನ್ನೂ ಎರಡು ವಿಷಯ ಹೇಳಲೇಬೇಕು. 2024ರ ಜನವರಿಯಲ್ಲಿ ಆತ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಸಮಾರಂಭ ನಡೆಸಿಕೊಟ್ಟ. ಕೆಲಸ ಸಿಕ್ಕಿದ್ದೇ ಹತ್ತು ದಿನದ ಹಿಂದೆ ಅಂತ ಆತನೇ ಸ್ಟೇಜ್ ಮೇಲೆ ಹೇಳಿಕೊಂಡ. ಎದುರಿಗೆ ಹಾಲಿವುಡ್ಡಿನ ದೊಡ್ಡ ದೊಡ್ಡ ನಟರು, ಅವರ ಸಿನಿಮಾಗಳ ಮೇಲೆ ಜೋಕು, ಕೆಲವು ಬೇರೆಯವರು ಬರೆದುಕೊಟ್ಟವು. ಸಭೆ ನಗಲಿಲ್ಲ, ಪತ್ರಿಕೆಗಳು ಚೆನ್ನಾಗಿಯೇ ಬೈದವು. ಅದೇ ಮನುಷ್ಯ ಅಮ್ಮನ ಕಥೆ ಹೇಳಿ ದೊಡ್ಡ ದೊಡ್ಡ ಅರೀನಾಗಳನ್ನು ತುಂಬಿಸಿದವನು. ನನ್ನ ಪ್ರಕಾರ ವ್ಯತ್ಯಾಸ ಇಷ್ಟೇ, ಅಮ್ಮನನ್ನು ಆತ ಹುಟ್ಟಿದಾಗಿನಿಂದ ನೋಡಿದ್ದಾನೆ. ಆ ನಟರನ್ನು ನೋಡಿಲ್ಲ. ನಿಮ್ಮನ್ನೂ ಪೆಂಡಾಲಿನವರು ಕೊನೇ ಗಳಿಗೆಯಲ್ಲಿ ಶಾಸಕರ ಮೇಲೆ ಒಂದು ಜೋಕು ಹಾಕಪ್ಪ, ಸ್ಪಾನ್ಸರ್ ಹೆಸರು ಸೇರಿಸಪ್ಪ ಅನ್ನುತ್ತಾರೆ. ನಗುನಗುತ್ತಾ ತಪ್ಪಿಸಿಕೊಳ್ಳಿ.

ಎರಡನೆಯದು ಛಲದ ಮಾತು. ಶುರುವಿನಲ್ಲಿ ಲಾಸ್ ವೇಗಸ್‌ನಲ್ಲಿ ಹಳೇ ಥಿಯೇಟರ್ ಒಂದನ್ನು ತಾನೇ ಬಾಡಿಗೆಗೆ ಹಿಡಿದು, ಮನೆ ಮನೆಗೆ ಹೋಗಿ ಟಿಕೆಟ್ ಮಾರಿದ. ಹೆಸರು ಬಂದ ಮೇಲೂ ನೆಟ್‌ಫ್ಲಿಕ್ಸ್ ಮೊದಲು ಬೇಡ ಅಂದಿತ್ತು. ಆಗ ಸ್ವಂತ ದುಡ್ಡು ಹಾಕಿ ಸಿಯಾಟಲ್‌ನಲ್ಲಿ ಚಿತ್ರೀಕರಣ ಮಾಡಿಸಿದ. 2017ರಲ್ಲಿ ನೆಟ್‌ಫ್ಲಿಕ್ಸೇ ಅದನ್ನು ಕೊಂಡು ಹಾಕಿತು. ಫಿಲಿಪಿನೋ ಅಮ್ಮನ ಕಥೆ ಯಾರಿಗೆ ಬೇಕು ಅನ್ನುತ್ತಿದ್ದವರಿಗೆ ಉತ್ತರ ಸಿಕ್ಕಿತು. ದಾವಣಗೆರೆ ಅಮ್ಮನ ಕಥೆ ಯಾರಿಗೆ ಬೇಕು ಅಂತ ನನಗೂ ಬೆಂಗಳೂರಿನಲ್ಲಿ ಕೇಳಿದವರಿದ್ದಾರೆ. ನಾನು ಹೇಳುತ್ತಲೇ ಇದ್ದೇನೆ.

ಅಮ್ಮನನ್ನು ಕೇಳುವುದಕ್ಕೆ ಒಂದು ಉಪಾಯ. "ನಿನ್ನ ಬಗ್ಗೆ ಹೇಳಲಾ" ಅಂತ ಕೇಳಿದರೆ ಯಾರಾದರೂ ಬೇಡ ಅನ್ನುತ್ತಾರೆ. ಅಡುಗೆಮನೆಯಲ್ಲಿ ಅವರ ಎದುರೇ ಪೂರ್ತಿ ಮಾಡಿ ತೋರಿಸಿ. ಆಮೇಲೆ ಕೇಳಿ. ಎಲ್ಲಿ ನಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ನೋಡಿಕೊಳ್ಳಿ. ಸುಮ್ಮನಾದ ಜಾಗ ತೆಗೆದುಹಾಕಿ, ಜಗಳ ಬೇಡ. ತಿದ್ದಿದರೆ ಮಾತ್ರ ತಕ್ಷಣ ಬರೆದುಕೊಳ್ಳಿ, ಅವರು ತಿದ್ದುವುದು ನೀವು ಬರೆದದ್ದಕ್ಕಿಂತ ಚೆನ್ನಾಗಿರುತ್ತದೆ.

ಬೆಣ್ಣೆನಗರಿ ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದ ಮೇಲೆ ಕರ್ಚೀಫ್ ಹಿಡಿದು ಮಾಡಿ ತೋರಿಸಿದೆ. ಅಮ್ಮ ನಕ್ಕರು, ಆಮೇಲೆ ದಾರ ನೀಲಿ ಅಲ್ಲ ಹಸಿರು ಅಂದರು. ನೀಲಿ ದಾರ ಹಾಕುವುದು ಅತ್ತಿಗೆ ಮನೆಯವರಿಗೆ ಕೊಡುವ ಪೀಸಿಗಂತೆ, ಬೀದಿಯವರಿಗೆ ಹಸಿರಂತೆ. ಇಷ್ಟು ವರ್ಷ ಇದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪೆಂಡಾಲಿಗೆ ಒಪ್ಪಿದ್ದಾರೆ. ಮೊಬೈಲಿಗೆ ಇಲ್ಲ. ವಿಡಿಯೋ ಹಿಡಿಯಬೇಡಿ ಅಂತ ಕಮಿಟಿಯವರಿಂದ ಮೈಕಿನಲ್ಲಿ ಮೊದಲೇ ಹೇಳಿಸುತ್ತೇನೆ.

ಮಂಡಕ್ಕಿ ಮಿರ್ಚಿ, ಬೆಂಗಳೂರು, ಊರು ದಾವಣಗೆರೆ

ಅತ್ತಿಗೆಗೆ ನೀಲಿ, ಬೀದಿಗೆ ಹಸಿರು! ಅದನ್ನು ಯಾವುದೇ ಕಾರಣಕ್ಕೂ ಬಿಡಬೇಡಿ, ಆದರೆ ಅತ್ತಿಗೆಯವರನ್ನೂ ಒಂದು ಮಾತು ಕೇಳಿ. ಮತ್ತೆ ಆರ್ಕೆಸ್ಟ್ರಾದವರ ಹತ್ತಿರ ಮೈಕ್ ಮುಂಚೆಯೇ ಚೆಕ್ ಮಾಡಿಸಿ, ಹಾಡಿಗೆ ಹಾಕಿದ ಎಕೋ ಪೂರ್ತಿ ತೆಗೆಸಿ. ಎಕೋ ಇದ್ದರೆ ಮಾತು ಒಂದಕ್ಕೊಂದು ಮೆತ್ತಿಕೊಂಡು ಹಿಂದಿನ ಸಾಲಿಗೆ ಏನೂ ಕೇಳಿಸಲ್ಲ.